ವಾಟ ಬೇಕಾದ ತೊಟ್ಟಿ

ನಮ್ಮ ಚಿಕ್ಕಮ್ಮ ಹಟಮಾರಿ. ಮನೆಯಲ್ಲಿ ಇದು ಬೈಗುಳವೂ ಹೌದು, ಹೊಗಳಿಕೆಯೂ ಹೌದು. ಸಮುದ್ರ ಸಂಶೋಧನಾಲಯದ ಹಿಂಬದಿಯ ಕೋಣೆಯಲ್ಲಿ ಅವಳದೊಂದು ತಿರುಗುವ ತೊಟ್ಟಿ ಇತ್ತು. ಭೂಮಿಯ ಬದಲು ತೊಟ್ಟಿ ತಿರುಗುತ್ತದೆ, ನದಿಯ ಬದಲು ಅದರ ಮೂಡಣ ಗೋಡೆಯ ತೂತಿನಿಂದ ಕೆಂಪು ನೀರು ಬರುತ್ತದೆ. ಆ ನೀರು ಬಲಕ್ಕೆ ಹೊರಳಿ ದಡ ಹಿಡಿದು ಹರಿಯುವುದನ್ನು ಎಲ್ಲರೂ ನೋಡಿದ್ದರು. ಚಿಕ್ಕಮ್ಮನ ಪಟ್ಟು ಬೇರೆ: ಅದೇ ನದಿ ಆಮೆ ನಡಿಗೆಯ ದೊಡ್ಡ ಅಲೆಯನ್ನೂ ಎಬ್ಬಿಸುತ್ತದೆ, ಅದು ದಡ ಬಿಟ್ಟು ಪಡುವಣಕ್ಕೆ ಕಡಲು ದಾಟುತ್ತದೆ. ಅದನ್ನು ಕಣ್ಣಾರೆ ತೋರಿಸದಿದ್ದರೆ ತೊಟ್ಟಿ ಕಿತ್ತು ಕೋಣೆಯನ್ನು ಉಗ್ರಾಣ ಮಾಡುವುದಾಗಿ ಮೇಲಿನವರು ಹೇಳಿಯಾಗಿತ್ತು. ಆ ತೊಟ್ಟಿ ಅವಳ ಅರ್ಧ ಆಯುಷ್ಯ.

ಮೇಲಿನವರು ಪರೀಕ್ಷೆಗೆ ಬರುವ ಮುಂಚೆಯೇ ತೊಟ್ಟಿಯ ತಳ ಸೋರತೊಡಗಿತು. ಗಾರೆ ಕೆಲಸದ ಚಿಕ್ಕಪ್ಪ ಮನೆಯಲ್ಲೇ ಇರುವಾಗ ಹೊರಗಿನವರೇಕೆ? ಚಿಕ್ಕಮ್ಮ ಸಭೆಗೆ ಹೋಗಿದ್ದ ದಿನ ಅವನು ಹೊಸ ಗಾರೆ ಬಳಿದ. ಅದು ಒಣಗಿದ ಮೇಲೆ, ಪರೀಕ್ಷೆಯ ಹಿಂದಿನ ದಿನ, ನೀರು ಬಿಟ್ಟು ನೋಡಿದರೆ ಕೆಂಪು ದಡ ಹಿಡಿದು ಓಡಿತು, ಅಷ್ಟೇ. ಪಡುವಣಕ್ಕೆ ಒಂದೆಳೆಯೂ ಹೊರಡಲಿಲ್ಲ. ಚಿಕ್ಕಮ್ಮ ನೀರು ಖಾಲಿ ಮಾಡಿ ತಳದಲ್ಲಿ ಗೋಲಿ ಇಟ್ಟಳು. ಅದು ಇಟ್ಟಲ್ಲೇ ಕೂತಿತು.

“ಕೂದಲೆಳೆಯಷ್ಟೂ ವಾಟ ಇಲ್ಲ ನೋಡು,” ಚಿಕ್ಕಪ್ಪ ಹಿಗ್ಗಿದ. “ಮುಂಚೆ ಯಾವನೋ ಒಂದು ಕಡೆ ಎತ್ತರ ಮಾಡಿ ಕೆಡಿಸಿದ್ದ.”

“ಆ ವಾಟ ನಾನೇ ಹಾಕ್ಸಿದ್ದು ರೀ. ಭೂಮಿ ಗುಂಡಗಿದೆ ಅಂತ ಈ ತೊಟ್ಟಿಗೆ ಗೊತ್ತಾಗೋದೇ ಅದ್ರಿಂದ. ಅದಿಲ್ದೆ ಆ ಅಲೆ ಏಳಲ್ಲ.”

ಗಣಪತಿ ಮಾಡಲು ಹೋಗಿ ಅವರಪ್ಪನನ್ನು ಮಾಡಿದ್ದ. ಮದುವೆಯಾದಾಗಿನಿಂದ ಅವಳ ಕೆಲಸವನ್ನು ನೀರಾಟ ಎಂದು ರೇಗಿಸುತ್ತಿದ್ದವನು ಗೋಲಿ ಎತ್ತಿ ಮತ್ತೆ ತಳದಲ್ಲಿಟ್ಟು ನೋಡಿದ. ಪಕ್ಕದಲ್ಲೇ ನಿಂತಿದ್ದ ನನಗೆ ಅವನ ಮೇಲೆ ಕೋಪವೂ ಬಂತು, ಅಯ್ಯೋ ಅಂತಲೂ ಅನಿಸಿತು. ಚಿಕ್ಕಮ್ಮ ಅಳಲಿಲ್ಲ, ಬೈಯಲಿಲ್ಲ. ತೋಳು ಮಡಚಿಕೊಂಡು, ದಪ್ಪ ಪ್ಲಾಸ್ಟಿಕ್ ಹಾಳೆ ಬೇಕು, ಬಡಗಣ ಬದಿ ಎತ್ತರ, ತೆಂಕಣ ತಗ್ಗು ಎಂದಳು. ಜೀವಮಾನವಿಡೀ ರಸಮಟ್ಟ ನಂಬಿದ್ದ ಚಿಕ್ಕಪ್ಪ ಹಾಳೆಯಡಿ ಇಟ್ಟಿಗೆ ಚೂರು ಸೇರಿಸಿ, ಅಂಚಿಗೆ ಪುಟ್ಟಿ ಮೆತ್ತಿ, ಅವಳು ಹೇಳಿದಷ್ಟೇ ಸೊಟ್ಟ ಮಾಡಿದ.

ಮರುದಿನ ಮೇಲಿನವರು ಪರದೆಯ ಮುಂದೆ ಕೂತರು. ತೊಟ್ಟಿಯ ಜೊತೆಗೇ ಸುತ್ತುವ ಕ್ಯಾಮೆರಾ ಎಲ್ಲವನ್ನೂ ತೋರಿಸುತ್ತಿತ್ತು. ಕೆಂಪು ನೀರು ದಡ ಹಿಡಿಯಿತು. ಒಬ್ಬರು ವಾಚು ನೋಡಿಕೊಂಡರು. ಸ್ವಲ್ಪ ಕಾಯಿರಿ ಎಂದಳು ಚಿಕ್ಕಮ್ಮ. ಆಮೇಲೆ ಕೆಂಪು ನಾಲಿಗೆಯೊಂದು ದಡದಿಂದ ಹೊರಚಾಚಿ ಪಡುವಣಕ್ಕೆ ತೆವಳಿತು. ನಿಧಾನವಾಗಿ ಅದು ಆಚೆ ಬದಿ ಮುಟ್ಟಿತು. ಉಗ್ರಾಣಕ್ಕೆ ಬೇರೆ ಕೋಣೆ ಹುಡುಕಬೇಕಾಯಿತು ಎನ್ನುತ್ತಾ ಅವರು ಎದ್ದರು.

ಎಲ್ಲರೂ ಹೋದ ಮೇಲೂ ಚಿಕ್ಕಪ್ಪ ಪರದೆಯ ಮುಂದಿನಿಂದ ಏಳಲಿಲ್ಲ.

“ಇನ್ನೊಂದ್ಸಲ ಬಿಡೇ,” ಎಂದ. “ಮೊದಲಿಂದ ನೋಡ್ತೀನಿ.”