ಮಾವನ ಕಾರಿಗೆ ಎರಡು ಮೀಟರ್

ನನ್ನ ನಾಲಗೆಗೆ ಬ್ರೇಕ್ ಇಲ್ಲ ಎಂದು ಅಮ್ಮ ಯಾವಾಗಲೂ ಹೇಳುತ್ತಾಳೆ. ಶಾಲೆಯಲ್ಲಿ ಪಾಠ ಹೇಳುವವಳಿಗೆ ಸ್ವಲ್ಪ ಬಾಯಿ ಇರಬೇಕು ಎಂದುಕೊಂಡು ಅದನ್ನು ಹೊಗಳಿಕೆಯೆಂದೇ ತೆಗೆದುಕೊಂಡಿದ್ದೆ. ಹೋದ ವರ್ಷ ಮಾವನ ಕಾರಿಗೆ ಮೀಟರ್ ತರಲು ಹೋಗಿ ಬಂದ ಮೇಲೆ ಹಾಗೆ ಅನಿಸುತ್ತಿಲ್ಲ.

ಮಾವ ಎಂದರೆ ಅಮ್ಮನ ಅಣ್ಣ. ನರಿಕೊಂಬಿನ ಮನೆಯಲ್ಲಿ ನಾವೆಲ್ಲ ಒಟ್ಟಿಗೇ ಇರುವುದು. ಅವರ ಬಿಳಿ ಫಿಯೆಟ್ ನನಗಿಂತ ಹಳೆಯದು. ಅದನ್ನು ಅವರು ಕಣ್ಣಿಗಿಂತ ಹೆಚ್ಚು ಕಿವಿಯಿಂದ ಓಡಿಸಿದವರು. ನನಗೆ ಡ್ರೈವಿಂಗ್ ಕಲಿಸುವಾಗ ಮೊದಲ ದಿನ ಸ್ಟೇರಿಂಗ್ ಮುಟ್ಟಲೂ ಬಿಡಲಿಲ್ಲ. ಅಂಗಳದಲ್ಲಿ ಇಂಜಿನ್ ಚಾಲೂ ಮಾಡಿ, ಬಾನೆಟ್ ಎತ್ತಿ, "ಕಣ್ಣು ಮುಚ್ಚು. ಏನು ಕೇಳ್ತದೆ ಹೇಳು" ಎಂದರು. ಆಯಿಲ್ ಪ್ರೆಶರ್ ಬಿದ್ದರೆ ಉರಿಯಬೇಕಾದ ಕೆಂಪು ದೀಪ ಕೆಟ್ಟು ಎಷ್ಟೋ ವರ್ಷಗಳಾಗಿದ್ದವು. ಅದನ್ನು ಸರಿಮಾಡಿಸಿ ಎಂದರೆ, "ಕಿವಿ ಉಂಟಲ್ಲ, ದೀಪ ಯಾಕೆ?" ಎನ್ನುತ್ತಿದ್ದರು.

ಆ ಕಿವಿ ಯಾವಾಗ ಮಂದವಾಯಿತೋ ತಿಳಿಯದು. ಟಿ.ವಿ.ಯ ಸದ್ದು ಏರಿತ್ತು, ಅದರ ಜೊತೆಗೆ ಮನೆಯವರ ಗಂಟಲೂ ಏರಿತ್ತು. ಯಾರೂ ಬಾಯಿಬಿಟ್ಟು ಏನೂ ಹೇಳಿರಲಿಲ್ಲ.

ಕಕ್ಕಿಂಜೆಯ ನೆಂಟರ ಹೊಸ ಮನೆಯ ಒಕ್ಕಲಿಗೆ ನಾವಿಬ್ಬರೇ ಹೊರಟಿದ್ದೆವು. ಬೆಳ್ತಂಗಡಿ ದಾಟುತ್ತಿದ್ದಂತೆ ಇಂಜಿನ್ನಿನಿಂದ ಟಕಟಕ ಸದ್ದು ಶುರುವಾಯಿತು. ಮಾವ ಆ ನೆಂಟರ ಹಳೆಯ ಜಗಳವೊಂದನ್ನು ರಸವತ್ತಾಗಿ ಹೇಳುತ್ತ ಆಕ್ಸಿಲರೇಟರ್ ಒತ್ತುತ್ತಲೇ ಇದ್ದರು. "ಮಾವ, ಒಂದು ಚಹಾ ಕುಡಿಯುವ" ಎಂದು ಜೋರಾಗಿ ಹೇಳಿ ಕಾರು ನಿಲ್ಲಿಸುವಂತೆ ಮಾಡಿದೆ. ಅವರು ಹೋಟೆಲಿನೊಳಗೆ ಹೋದದ್ದೇ ಬಾನೆಟ್ ಎತ್ತಿ ನೋಡಿದರೆ ಆಯಿಲ್ ತಳ ಕಂಡಿತ್ತು. ಡಿಕ್ಕಿಯಲ್ಲಿದ್ದ ಕ್ಯಾನಿನಿಂದ ಹೊಯ್ದು, ಕೈ ಒರೆಸಿಕೊಂಡು ಒಳಗೆ ಹೋಗಿ ಕೂತೆ. ಏನೂ ಹೇಳಲಿಲ್ಲ. ಹೇಳಿದರೆ ಅವರು ಕಾರು ಓಡಿಸುವುದನ್ನೇ ನಿಲ್ಲಿಸುತ್ತಾರೆ ಎಂದು ಹೆದರಿಕೆ. ಬಂಟ್ವಾಳ ಪೇಟೆಯಲ್ಲಿ ಜನ ಅವರನ್ನು ಗುರುತಿಸುವುದೇ ಆ ಕಾರಿನಿಂದ.

ಆಗ ಹೊಳೆದದ್ದು ಮೀಟರ್. ಮೀಟರ್ ಇದ್ದರೆ ಕಿವಿಯ ಕೆಲಸವನ್ನು ಕಣ್ಣು ಮಾಡುತ್ತದೆ, ಮಾವನ ಮರ್ಯಾದೆಯೂ ಉಳಿಯುತ್ತದೆ. "ಈಗ ಹಳೇ ಕಾರಿಗೆಲ್ಲ ಎಕ್ಸ್‌ಟ್ರಾ ಮೀಟರ್ ಹಾಕ್ತಾರೆ ಮಾವ, ಚಂದ ಕಾಣ್ತದೆ" ಎಂದೆ. ಅವರು ಖುಷಿಯಿಂದಲೇ ಒಪ್ಪಿದರು.

ಮೂಡುಬಿದಿರೆಯ ಕಾರಿನ ಸಾಮಾನಿನ ಅಂಗಡಿಯವರು ಗಲ್ಫಿನ ಗ್ಯಾರೇಜಿನಲ್ಲಿ ಕೆಲಸ ಮಾಡಿ ಬಂದವರು. ಮೀಟರುಗಳನ್ನೆಲ್ಲ ಮೇಜಿನ ಮೇಲೆ ಹರಡಿದರು. ಡ್ಯಾಶ್‌ಬೋರ್ಡಿನ ಕೆಳಗೆ ಎರಡಕ್ಕೆ ಮಾತ್ರ ಜಾಗ. ಮಾವ ಕನ್ನಡಕ ಹಾಕಿಕೊಂಡು, ಮದುವೆ ಸೀರೆ ಆರಿಸುವವರ ಹಾಗೆ ಒಂದೊಂದನ್ನೇ ಬೆಳಕಿಗೆ ಹಿಡಿದರು. ಬ್ಯಾಟರಿಯ ಮೀಟರನ್ನು ಪಕ್ಕಕ್ಕೆ ಸರಿಸಿ, "ಬ್ಯಾಟರಿ ಹೋದ್ರೆ ನೂಕಬಹುದು. ಇಂಜಿನ್ ಹೋದ್ರೆ ಹೊರಬೇಕು" ಎಂದರು. ಇಂಜಿನ್ನಿನ ಬಿಸಿ ತೋರಿಸುವುದೊಂದು, ಆಯಿಲ್ ಪ್ರೆಶರಿನದ್ದೊಂದು ಎಂದಾಯಿತು. ನನ್ನ ಉಪಾಯ ಫಲಿಸಿತೆಂದು ಒಳಗೊಳಗೇ ಬೀಗುತ್ತಿದ್ದೆ.

ಅಷ್ಟರಲ್ಲಿ ಅಂಗಡಿಯವರು ಆಯಿಲಿನದ್ದೇ ಇನ್ನೊಂದು ನಮೂನೆ ತೆಗೆದರು. "ಅಣ್ಣ, ಅದರಲ್ಲಿ ದೀಪ ಹತ್ತುವುದು. ಇದರಲ್ಲಿ ಬಜರ್ ಉಂಟು. ಪ್ರೆಶರ್ ಬಿದ್ರೆ ಕೂಗ್ತದೆ."

"ಇದು ಒಳ್ಳೇದು. ಕಣ್ಣು ರಸ್ತೆಯಲ್ಲೇ ಇರ್ತದೆ" ಎಂದರು ಮಾವ.

"ದೀಪದ್ದೇ ಇರಲಿ ಮಾವ."

"ದೀಪ ಯಾಕೆ ಮಾರಾಯ್ತಿ, ಕಿವಿ ಉಂಟಲ್ಲ?"

ಅಂಗಡಿಯವರು ನಕ್ಕು, "ಅಣ್ಣ ಹೇಳಿದ್ದು ಸರಿ" ಎಂದು ಅದನ್ನೇ ಕಟ್ಟಲು ಹೊರಟರು. ನನಗೆ ರೇಗಿತು. ಅವರ ಕಡೆ ತಿರುಗಿ, "ಎಂಥ ಕಿವಿ? ಅವರಿಗೆ ಕಿವಿ ಕೇಳುವುದಿಲ್ಲ! ಇಂಜಿನ್ ಬಡ್ಕೊಂಡ್ರೂ ಗೊತ್ತಾಗ್ಲಿಲ್ಲ ಅವರಿಗೆ!" ಎಂದುಬಿಟ್ಟೆ.

ಹೇಳಿದ್ದು ಅಂಗಡಿಯವರಿಗೆ. ಆದರೆ ಮಾವನೊಂದಿಗೆ ಮಾತಾಡಿ ಮಾತಾಡಿ ನನ್ನ ಗಂಟಲು ಅವರಿಗೆ ಕೇಳುವ ಅಳತೆಯಲ್ಲೇ ನಿಂತುಬಿಟ್ಟಿತ್ತು. ಅಂಗಡಿಯಲ್ಲಿದ್ದ ಇನ್ನಿಬ್ಬರು ಗಿರಾಕಿಗಳು ತಿರುಗಿ ನೋಡಿದರು. ಭೂಮಿ ಬಾಯಿಬಿಡಬಾರದೇ ಅನಿಸಿತು.

ಮಾವ ಕನ್ನಡಕ ತೆಗೆದು ಜೇಬಿಗಿಟ್ಟರು. "ದೀಪದ್ದೇ ಕೊಡಿ" ಎಂದರು. ಮೀಟರ್ ಕೂರಿಸುವಾಗ, "ಎಡಕ್ಕೆ ಇಡಿ. ಆಚೆ ಸೀಟಿನವರಿಗೆ ಕಾಣಬೇಕು" ಎಂದರು. ಅಲ್ಲಿಟ್ಟರೆ ಡ್ರೈವರಿಗೆ ಕಾಣುವುದಿಲ್ಲವಲ್ಲ ಎಂದು ಅಂಗಡಿಯವರು ಹೇಳಿದಾಗ, "ನೋಡುವವ ನಾನಲ್ವಾ?" ಎಂದು ಕೀಯನ್ನು ನನ್ನ ಕೈಗಿತ್ತರು. ನಾನು ಬೇಡವೆಂದು ತಲೆಯಾಡಿಸುವುದರೊಳಗೆ ಕಾರಿನ ಎಡಬಾಗಿಲ ಹತ್ತಿರ ಹೋಗಿ ನಿಂತಿದ್ದರು.

ಸಿದ್ಧಕಟ್ಟೆಯವರೆಗೆ ಕಣ್ಣು ರಸ್ತೆಯಲ್ಲೇ ಇಟ್ಟು ಕಾರು ಓಡಿಸಿದೆ. ಕ್ಷಮೆ ಕೇಳೋಣವೆಂದರೆ ಅದನ್ನೂ ಕೂಗಿಯೇ ಹೇಳಬೇಕು. ನನ್ನ ಗಂಟಲಿನ ಮೇಲೆ ನನಗೇ ಹೇಸಿಗೆಯಾಗಿತ್ತು.

"ಕಕ್ಕಿಂಜೆಗೆ ಹೋಗುವಾಗ ಚಹಾಕ್ಕೆ ನಿಲ್ಲಿಸಿದ್ದು ಅದಕ್ಕೆಯಾ?" ಎಂದು ಮಾವ ಕೇಳಿದರು.

ಹೌದೆಂದು ತಲೆಯಾಡಿಸಿದೆ.

"ಅಲ್ಲಿಯೇ ಹೇಳಬಹುದಿತ್ತು ಮಗಾ. ಅಲ್ಲಿ ನಾವಿಬ್ಬರೇ ಇದ್ದದ್ದು."

ಆಮೇಲೆ ಕನ್ನಡಕ ಹಾಕಿಕೊಂಡು ಮೀಟರಿನ ಕಡೆ ಬಗ್ಗಿದರು. ಮನೆ ಮುಟ್ಟುವವರೆಗೂ, "ಆಯಿಲ್ ಸರಿ ಉಂಟು" ಎಂದು ಆಗಾಗ ನನಗೆ ಹೇಳುತ್ತಲೇ ಇದ್ದರು.