ಎತ್ತಿ ನೋಡದ ಬಾಣಲೆ

ಐದನೇ ಕ್ಲಾಸಿಗೆ ಶಾಲೆ ಬಿಟ್ಟು ಎಣ್ಣೆ ಬಾಣಲೆ ಮುಂದೆ ನಿಂತವನು ನಾನು. ಮಧುಗಿರಿ ಬಸ್ ಸ್ಟ್ಯಾಂಡ್ ಹತ್ತಿರ ನನ್ನದೊಂದು ಬೋಂಡಾ ಬಜ್ಜಿ ಗಾಡಿ. ಎಣ್ಣೆ ಎಷ್ಟು ಕಾದಿದೆ ಅಂತ ಸದ್ದಿನಲ್ಲೇ ಹೇಳಬಲ್ಲೆ. ಬಾಣಲೆ ವಿಷಯಕ್ಕೆ ಇನ್ನೊಬ್ಬರ ಮಾತು ಕೇಳಬೇಕು ಅಂತ ನನಗೆ ಯಾವತ್ತೂ ಅನ್ನಿಸಿರಲಿಲ್ಲ.

ಗಾಡಿಗೆ ಹೊಸ ಬಾಣಲೆ ಬಂದರೆ ಹಳೆಯದು ಮನೆಗೆ. ಅದು ನಮ್ಮ ರೂಢಿ. ಹಿಡಿ ಸಡಿಲವಾದದ್ದು, ಮಸಿಗಟ್ಟಿದ್ದು, ಸವೆದದ್ದು. ನನ್ನ ಹೆಂಡತಿ ಮದುವೆಯಾದಾಗಿನಿಂದ ಅಂಥದರಲ್ಲೇ ಬೇಯಿಸಿದಳು. ಅವಳಿಗೆ ಅಂತ ಒಂದು ಬಾಣಲೆ ಕೊಂಡ ನೆನಪು ನನಗಿಲ್ಲ.

ಹೋದ ವರ್ಷ ಮಗಳು ಗಾಜಿನ ಗ್ಯಾಸ್ ಒಲೆ ತಂದುಕೊಟ್ಟಳು. ಗುಂಡು ತಳದ ನಮ್ಮ ಬಾಣಲೆ ಅದರ ಮೇಲೆ ತೊಟ್ಟಿಲಿನ ಹಾಗೆ ತೂಗುತ್ತಿತ್ತು.

“ಇದು ಅಲ್ಲಾಡ್ತದೆ ಕಣ್ರೀ. ತಳ ಮಟ್ಟಸ ಇರೋದು ಒಂದು ತನ್ನಿ,” ಅಂದಳು ಹೆಂಡತಿ.

“ಬಾಣಲೆ ಮುಂದೇನೇ ಬೆಳೆದೋನು ನಾನು. ನಂಗೇ ಹೇಳ್ಕೊಡ್ತೀಯಾ? ಹಿಡ್ಕೊಂಡು ಕರಿ.”

ಗೌರಿ ಹಬ್ಬಕ್ಕೆ ಕರ್ಜಿಕಾಯಿ ಕರಿಯುವಾಗ ಬಾಣಲೆ ವಾಲಿತು. ಕಾದ ಎಣ್ಣೆ ಅವಳ ಬಲಗೈ ಮಣಿಕಟ್ಟಿನ ಮೇಲೆ ಬಿತ್ತು. ಎಡಗೈಯಲ್ಲಿ ಒಲೆ ಆರಿಸಿ, ಸುಟ್ಟ ಕೈಯನ್ನು ನೀರಿಗೆ ಹಿಡಿದಳು.

ಗಾಯ ಆರಿದ ಮೇಲೆ ನಾನೊಬ್ಬನೇ ಸಿರಾಕ್ಕೆ ಹೋದೆ. ಅಲ್ಲಿನ ಪಾತ್ರೆ ಅಂಗಡಿ ಸಾಬರು ನನಗೆ ಹಳಬರು. ಬೆರಳಲ್ಲಿ ತಟ್ಟಿ ಸದ್ದು ಕೇಳಿದೆ, ನೆಲಕ್ಕಿಟ್ಟು ತಳ ನೋಡಿದೆ. ದಪ್ಪ ಕಬ್ಬಿಣದ, ಚಪ್ಪಟೆ ತಳದ ಒಂದನ್ನು ಆರಿಸಿದೆ. ತೂಕ ಇದ್ದಷ್ಟೂ ಶಾಖ ನಿಲ್ಲುತ್ತದೆ, ಅದು ನನ್ನ ಲೆಕ್ಕ. ಈರುಳ್ಳಿ ಸಿಪ್ಪೆ, ಎಣ್ಣೆ ಹಾಕಿ ಮೂರು ದಿನ ನಾನೇ ಪಳಗಿಸಿದೆ.

ಅವಳು ಅದನ್ನು ಮುಟ್ಟಲಿಲ್ಲ. ಹುರುಳಿಕಾಯಿ ಪಲ್ಯವನ್ನೂ ಅನ್ನದ ಪಾತ್ರೆಯಲ್ಲೇ ಮಾಡಿದಳು. ಕೊಬ್ಬು ಅಂದುಕೊಂಡೆ. ಒಂದು ವಾರ ಮಾತು ಬಿಟ್ಟೆ. ಆಮೇಲೆ ತಡೆಯಲಾರದೆ ಕೇಳಿದೆ, “ಇದಕ್ಕೇನಾಗಿದೆ?”

ಅವಳು ಬಾಣಲೆಗೆ ಕೈ ಹಾಕಿದಳು. ಒಲೆಯಿಂದ ನಾಲ್ಕು ಬೆರಳು ಮೇಲೆದ್ದಿತು. ಸುಟ್ಟ ಮಣಿಕಟ್ಟು ತೂಕ ತಾಳಲಿಲ್ಲ. ಹಾಗೇ ಇಳಿಸಿದಳು.

“ಖಾಲಿ ಇದ್ದಾಗ್ಲೇ ಹಿಂಗೆ. ಪಲ್ಯ ತುಂಬಿದ್ರೆ ಬಗ್ಗಿಸೋದು ಹೆಂಗೆ? ತೊಳೆಯೋದು ಹೆಂಗೆ? ನಿಮ್ಮ ಗಾಡಿ ಬಾಣಲೆ ಕೂತಲ್ಲೇ ಕೂತಿರ್ತದೆ. ನೀವು ಜಾಲರಿ ಆಡಿಸ್ತೀರ, ಅಷ್ಟೆ.”

ನಿಜ. ಅಷ್ಟು ವರ್ಷದಲ್ಲಿ ತುಂಬಿದ ಬಾಣಲೆಯನ್ನು ನಾನು ಒಮ್ಮೆಯೂ ಎತ್ತಿ ಬಗ್ಗಿಸಿದವನಲ್ಲ. ಎಣ್ಣೆ ಆರಿದ ಮೇಲೆ ಸೌಟಲ್ಲಿ ತೋಡಿ ಡಬ್ಬಕ್ಕೆ ಹಾಕುತ್ತಿದ್ದೆ. ಮನೆಯ ಬಾಣಲೆಯನ್ನು ದಿನಕ್ಕೆ ಎಷ್ಟು ಸಲ ಎತ್ತಬೇಕು ಅನ್ನೋದು ನನ್ನ ತಲೆಗೇ ಹೋಗಿರಲಿಲ್ಲ.

ಮಾರನೇ ದಿನ ಅವಳನ್ನೇ ಮಧುಗಿರಿಯ ಪಾತ್ರೆ ಅಂಗಡಿಗೆ ಕರೆದುಕೊಂಡು ಹೋದೆ. ಅವಳು ತಟ್ಟಲಿಲ್ಲ, ಸದ್ದು ಕೇಳಲಿಲ್ಲ. ಒಂದು ಚೊಂಬು ನೀರು ಕೇಳಿದಳು. ಬಾಣಲೆಗೆ ನೀರು ಹುಯ್ದು, ಎಡಗೈಯಲ್ಲಿ ಹಿಡಿ ಹಿಡಿದು ಎತ್ತಿ, ಬಕೆಟ್ಟಿಗೆ ಬಗ್ಗಿಸಿದಳು.

“ಎಲ್ಲಾರೂ ಖಾಲಿನೇ ಎತ್ತಿ ನೋಡ್ತಾರಮ್ಮ,” ಅಂದ ಅಂಗಡಿಯವನು.

“ಖಾಲಿ ಬಾಣಲೇಲಿ ಯಾರು ಅಡಿಗೆ ಮಾಡ್ತಾರಪ್ಪ?”

ಮೂರನೆಯದು ಒಪ್ಪಿಗೆಯಾಯಿತು. ಹಗುರ, ಚಪ್ಪಟೆ ತಳ, ಒಂದು ಕಡೆ ಉದ್ದ ಹಿಡಿ, ಎದುರಿಗೆ ಒಂದು ಕಿವಿ. ನಾನು ನೋಡಿದ್ದರೆ ತಗಡು ಅಂತ ಬಿಸಾಕುತ್ತಿದ್ದೆ. ಅದು ಒಲೆ ಮೇಲೆ ಅಲ್ಲಾಡದೆ ಕೂತಿದೆ.

ಸಿರಾದ ಬಾಣಲೆ ಗಾಡಿ ಸೇರಿತು. ಬಜ್ಜಿ ಈಗ ಜಾಸ್ತಿ ಗರಿಗರಿ ಅಂತ ಗಿರಾಕಿಗಳು ಹೊಗಳುತ್ತಾರೆ. ನಾನು ತಲೆ ಎತ್ತುವುದಿಲ್ಲ.

ಈ ಸಲ ಗೌರಿ ಹಬ್ಬ ಬಂತು. “ಕರ್ಜಿಕಾಯಿ ನಾನೇ ಕರೀತೀನಿ, ನೀನು ಕೂತ್ಕೋ,” ಅಂದೆ.

“ಬೇಡ ಬುಡಿ,” ಅಂದಳು, ಸೀರೆ ಸೆರಗಿನಲ್ಲಿ ಮಣಿಕಟ್ಟಿನ ಸುಟ್ಟ ಕಲೆ ಮುಚ್ಚಿಕೊಂಡು. “ಮನೆ ಒಲೆ ನಿಮಗೆ ಗೊತ್ತಾಗಲ್ಲ.”

ಕಾದ ಎಣ್ಣೆ ಮುಂದೆ ಅವಳೂ ನಿಲ್ಲಲಿಲ್ಲ, ನನ್ನನ್ನೂ ನಿಲ್ಲಿಸಲಿಲ್ಲ. ಆ ಹಬ್ಬಕ್ಕೆ ನಮ್ಮ ಮನೆಯಲ್ಲಿ ಏನನ್ನೂ ಕರಿಯಲಿಲ್ಲ.