ಬ್ಲೋವರ್ ನಿಲ್ಲಿಸಿದ ಅಧ್ಯಕ್ಷರು

ಸಪ್ತಾಪುರ ದಾಟಿ ಸ್ವಲ್ಪ ಆಚೆ ನಾವು ಫ್ಲ್ಯಾಟ್ ತೊಗೊಂಡಾಗ ಊರಿನ ಒಳಚರಂಡಿ ಅಲ್ಲಿಗೆ ಬಂದಿರಲಿಲ್ಲ. ಇವತ್ತಿಗೂ ಬಂದಿಲ್ಲ. ಇಪ್ಪತ್ತನಾಲ್ಕು ಮನೆಗಳ ಕಕ್ಕಸು, ಬಚ್ಚಲು, ಅಡುಗೆಮನೆಯ ನೀರೆಲ್ಲ ಕಟ್ಟಡದ ಹಿಂದೆ ನೆಲದೊಳಗಿರುವ ಟಾಕಿಗಳಿಗೆ ಹೋಗುತ್ತದೆ. ಒಂದು ಟಾಕಿಯ ತಳಕ್ಕೆ ಬ್ಲೋವರ್ ಎಂಬ ಯಂತ್ರ ಹಗಲೂ ರಾತ್ರಿ ಗಾಳಿ ಊದುತ್ತದೆ. ಆ ಗಾಳಿಯಿಂದ ಬದುಕುವ ಕಣ್ಣಿಗೆ ಕಾಣದ ಜೀವಿಗಳು ಹೊಲಸನ್ನು ತಿಂದು ನೀರನ್ನು ತಿಳಿ ಮಾಡುತ್ತವೆ. ಆ ನೀರು ಗಿಡಗಳಿಗೆ ಹೋಗುತ್ತದೆ. ಈ ಇಡೀ ವ್ಯವಸ್ಥೆಗೆ ನಾವು ಪ್ಲಾಂಟ್ ಎನ್ನುತ್ತೇವೆ. ಏಳನೆಯ ಇಯತ್ತೆಯ ಹುಡುಗಿಗೆ ಹೇಳಿದರೂ ತಿಳಿಯುವ ಮಾತು ಇದು. ನಮ್ಮ ಫ್ಲ್ಯಾಟ್ ಮಾಲೀಕರ ಸಂಘದ ಅಧ್ಯಕ್ಷರಿಗೆ ತಿಳಿಯಲಿಲ್ಲ.

ಅವರು ದೊಡ್ಡ ಸರಕಾರಿ ಹುದ್ದೆಯಿಂದ ನಿವೃತ್ತರಾದವರು, ಮಾಳಮಡ್ಡಿಯ ಹಳೆಯ ಮನೆತನದವರು. ನಿವೃತ್ತಿಯ ನಂತರ ಹಾಡುವ ಹುಚ್ಚು ಹತ್ತಿತ್ತು. ದೊಡ್ಡ ಗವಾಯಿಗಳಿದ್ದ ಮಾಳಮಡ್ಡಿಯಲ್ಲಿ ಹುಟ್ಟಿದ ಮಾತ್ರಕ್ಕೆ ಗಂಟಲಿಗೆ ಸ್ವರ ಬರುತ್ತದೆಂದು ಅವರು ಖರೇನೇ ನಂಬಿದ್ದರು. ಮೊದಲನೆಯ ಮಹಡಿಯ ಹಿಂದಿನ ಕೋಣೆಯಲ್ಲಿ, ಕಿಟಕಿಯ ನೇರ ಕೆಳಗೆ ಪ್ಲಾಂಟ್ ಇರುವಲ್ಲಿ, ತಂಬೂರಿ ಇಟ್ಟುಕೊಂಡು ಕೂಡುತ್ತಿದ್ದರು.

ಪ್ಲಾಂಟ್ ನೋಡಿಕೊಳ್ಳಲು ಉಪ್ಪಿನಬೆಟಗೇರಿಯಿಂದ ದಿನಾ ಬಸ್ಸಿನಲ್ಲಿ ಒಬ್ಬರು ಬರುತ್ತಿದ್ದರು. ಐವತ್ತು ದಾಟಿದವರು, ನಾನು ಕಾಕಾ ಎನ್ನುತ್ತಿದ್ದೆ. ನಾನು ಕಾಲೇಜಿನಲ್ಲಿ ಇತಿಹಾಸ ಕಲಿಸುವುದರಿಂದ ಅವರು ನನ್ನನ್ನು, ಶಾಲೆಯ ಶಿಕ್ಷಕಿಯರನ್ನು ಕರೆಯುವಂತೆ, ಅಕ್ಕಾರ ಎಂದು ಕರೆಯುತ್ತಿದ್ದರು. ಗಾಳಿಯ ಟಾಕಿಯಿಂದ ಒಂದು ಗಾಜಿನ ಭರಣಿ ನೀರು ಎತ್ತಿ ಬಿಸಿಲಿಗೆ ಹಿಡಿದು ನೋಡುವುದು ಅವರ ಬೆಳಗಿನ ಮೊದಲ ಕೆಲಸ.

“ನೋಡ್ರಿ ಅಕ್ಕಾರ, ಚಹಾದ ಬಣ್ಣ ಐತಿ. ಹುಳ ಆರಾಮ ಅದಾವ.”

ಒಂದು ದಿನ ಅಧ್ಯಕ್ಷರು ಕೆಳಗಿಳಿದು ಬಂದು ಹೇಳಿದರು: “ಈ ಯಂತ್ರದ ಗುಂಯ್ ಅನ್ನೂದು ನನ್ನ ಷಡ್ಜಕ್ಕ ಅಡ್ಡ ಬರ್ತದ. ನಾ ರಿಯಾಜ್ ಮಾಡೂವಾಗ ಬಂದ್ ಇಡು.”

“ಸಾಹೇಬ್ರ, ಗಾಳಿ ನಿಂತ್ರ ಹುಳ ಸಾಯತಾವ್ರಿ,” ಎಂದರು ಕಾಕಾ.

“ಹೊಲಸಿನ್ಯಾಗಿನ ಹುಳ ಸತ್ರ ನಮಗೇನು ಸೂತಕ ಬರ್ತದೇನು?”

ಮುಂಜಾನೆಯ ರಿಯಾಜು ಮಧ್ಯಾಹ್ನಕ್ಕೂ ಬೆಳೆಯಿತು, ಮಧ್ಯಾಹ್ನದ್ದು ಸಂಜೆಗೆ. ಕೊನೆಗೆ ಬ್ಲೋವರ್ ಕೋಣೆಯ ಕೀಲಿಯನ್ನೇ ಅವರು ಇಸಿದುಕೊಂಡರು. ನಾಲ್ಕೈದು ದಿನಗಳಲ್ಲಿ ಭರಣಿಯ ನೀರು ಕಪ್ಪಾಯಿತು. ಕೊಳೆತ ತತ್ತಿಯ ವಾಸನೆ ಮೂರನೆಯ ಮಹಡಿಗೂ ಏರಿತು. ಜನ ಕಿಟಕಿ ಮುಚ್ಚಿ ಊದುಬತ್ತಿ ಹಚ್ಚಿದರು. ನಾನೂ ಮೊದಲು ಕಿಟಕಿಯನ್ನಷ್ಟೇ ಮುಚ್ಚಿಕೊಂಡೆ, ಅದನ್ನು ಮುಚ್ಚಿಡುವುದಿಲ್ಲ.

ಆಮೇಲೆ ನೋಟಿಸ್ ಬಂತು. ಪ್ಲಾಂಟಿನ ಮನುಷ್ಯ ಕೆಲಸ ಮಾಡುತ್ತಿಲ್ಲ, ಅವನನ್ನು ತೆಗೆಯುವುದರ ಬಗ್ಗೆ ರವಿವಾರ ಸಭೆ ಎಂದು ಬರೆದು ಕೆಳಗೆ ಅಧ್ಯಕ್ಷರದೇ ಸಹಿ ಇತ್ತು. ಕೀಲಿ ತಮ್ಮ ಕಿಸೆಯಲ್ಲಿಟ್ಟುಕೊಂಡು ಇನ್ನೊಬ್ಬರ ಮೇಲೆ ತಪ್ಪು ಹೊರಿಸುವ ಕಲೆಯನ್ನು ಅವರು ಹಾಡಿಗಿಂತ ಚೆನ್ನಾಗಿ ಕಲಿತಿದ್ದರು.

ಸಭೆಯಲ್ಲಿ ನಾನು ಎದ್ದು ನಿಂತು, ಗಾಳಿ ನಿಲ್ಲಿಸಿದವರು ಯಾರೆಂದು ಎಲ್ಲರ ಮುಂದೆ ಹೇಳಿದೆ. ಕಾಕಾ ಬಾಗಿಲ ಹೊರಗೆ ನಿಂತಿದ್ದರು. ಅವರಿಗೆ ಕುರ್ಚಿ ಹಾಕಿರಲಿಲ್ಲ.

ಅಧ್ಯಕ್ಷರು ನಕ್ಕರು. “ಹಂಗಾದ್ರ ನೀವ ನೋಡ್ಕೋರಿ ಮೇಡಂ. ನಿಮ್ಮ ಕಡಿಯವರಿಗೆ ಈ ಕೆಲಸದ ರೂಢಿ ಇರ್ತದ.”

ನಮ್ಮ ಮನೆಯ ಗೃಹಪ್ರವೇಶದ ದಿನ ಗೋಡೆಯ ಮೇಲಿನ ಬುದ್ಧನ ಫೋಟೋ ನೋಡಿ ನಾವು ಯಾವ ಜನ ಎಂದು ಲೆಕ್ಕ ಹಾಕಿದವರು ಅವರು. ಅಂದು ನಮ್ಮಲ್ಲಿ ನೀರನ್ನೂ ಕುಡಿಯದೆ ಎದ್ದು ಹೋಗಿದ್ದರು. ನಮ್ಮ ಅಪ್ಪ ಮೂವತ್ತು ವರ್ಷ ಕಚೇರಿಯಲ್ಲಿ ಫೈಲು ಬರೆದವರು. ಅಜ್ಜ ಯಾವ ಕೆಲಸ ಮಾಡಿದ್ದರೆಂದು ಈ ಮನುಷ್ಯನಿಗೆ ಹೇಳುವ ದರ್ದು ನನಗಿರಲಿಲ್ಲ. ಕೂತವರಲ್ಲಿ ಪ್ರೊಫೆಸರರಿದ್ದರು, ಡಾಕ್ಟರರಿದ್ದರು, ಒಬ್ಬ ವಕೀಲರಿದ್ದರು. ಕೆಲವರು ಕೈಯಲ್ಲಿದ್ದ ನೋಟಿಸನ್ನು ಮತ್ತೆ ಓದತೊಡಗಿದರು. ವಕೀಲರು ಮೊಬೈಲಿನಲ್ಲಿ ಏನನ್ನೋ ಬಹಳ ಶ್ರದ್ಧೆಯಿಂದ ಹುಡುಕುತ್ತಿದ್ದರು. ಅಧ್ಯಕ್ಷರ ಮಾತಿಗಿಂತ ಆ ಹುಡುಕಾಟವೇ ನನಗೆ ಹೆಚ್ಚು ಹೇಸಿಗೆ ತರಿಸಿತು.

“ಆತ್ರಿ, ನೋಡ್ಕೊಂತೇನಿ,” ಎಂದೆ. “ಆದ್ರ ಕೀಲಿ ನನ್ನ ಕಡೆ ಇರಬೇಕು. ಕಾಕಾ ಎಲ್ಲಿಗೂ ಹೋಗೂದಿಲ್ಲ.”

ಕೈ ಎತ್ತಿ ಒಪ್ಪಿಗೆ ಕೊಡಲು ಮಾತ್ರ ಎಲ್ಲರೂ ಲಗೂ ಮುಂದಾದರು. ಅಧ್ಯಕ್ಷರು ಕೀಲಿಯನ್ನು ನನ್ನ ಕೈಗೆ ಕೊಡದೆ ಮೇಜಿನ ಮೇಲೆ ಇಟ್ಟರು.

ಅವತ್ತೇ ಬ್ಲೋವರ್ ಶುರು ಮಾಡಿದೆವು. ಕಾಕಾ ತಮ್ಮ ಗುರುತಿನವರಿದ್ದ ಇನ್ನೊಂದು ಕಟ್ಟಡದ ಪ್ಲಾಂಟಿನಿಂದ ಜೀವ ಇರುವ ಕೆಸರನ್ನು ನಾಲ್ಕು ಕ್ಯಾನ್ ತುಂಬಿಸಿ ರಿಕ್ಷಾದಲ್ಲಿ ತಂದರು. ಹುಳ ಬೇಗ ಬೆಳೆಯಲೆಂದು ಸೆಗಣಿ ಕದಡಿ ಹಾಕಿದೆವು, ಬೆಲ್ಲ ಕರಗಿಸಿ ಸುರಿದೆವು. ಕಾಲೇಜಿಗೆ ಹೋಗುವ ಮೊದಲು ದಿನಾ ಭರಣಿ ನೋಡುತ್ತಿದ್ದೆ. ಕಪ್ಪು ನೀರು ಬೂದು ಬಣ್ಣಕ್ಕೆ ತಿರುಗಿತು, ಬೂದು ಕಂದಾಯಿತು. ಎರಡು ವಾರದ ಮೇಲೆ ವಾಸನೆ ಹೋಗಿ ಬರೀ ಹಸಿಮಣ್ಣಿನ ಕಂಪು ಉಳಿಯಿತು.

ಆಗ ಅಧ್ಯಕ್ಷರು ನಮ್ಮ ಮನೆಗೆ ಬಂದರು. ಒಳಗೆ ಬರ್ರಿ ಎಂದರೂ ಹೊಸ್ತಿಲ ಆಚೆಯೇ ನಿಂತರು.

“ಮುಂಜಾನೆ ಒಂದೆರಡು ತಾಸು ಬಂದ್ ಇಡ್ರಿ ಮೇಡಂ. ನನ್ನ ಸಾಧನಾ ಕೆಡ್ತದ.”

“ಸಾಹೇಬ್ರ, ನಿಮ್ಮ ಹಾಡು ನಿಂತ್ರ ಯಾರೂ ಸಾಯೂದಿಲ್ಲ. ಬ್ಲೋವರ್ ನಿಂತ್ರ ಹುಳ ಸಾಯತಾವ,” ಎಂದೆ.

ಅವರ ಮುಖ ಕೆಂಪಗಾಯಿತು. ತಿರುಗಿ ಹೋದರು. ಮರುದಿನ ತಂಬೂರಿ ಮುಂದಿನ ಕೋಣೆಗೆ ಹೋಯಿತು. ಅವರದು ಮೂರು ಕೋಣೆಯ ಮನೆ. ಆ ಐದು ನಿಮಿಷದ ಕೆಲಸ ಅಷ್ಟು ದಿನ ಅವರಿಗೆ ಹೊಳೆದಿರಲಿಲ್ಲ. ಮುಂದಿನ ಕೋಣೆಯಲ್ಲಿ ಬ್ಲೋವರ್ ಕೇಳುವುದಿಲ್ಲ. ಅವರ ಷಡ್ಜ ಅಲ್ಲಿಯೂ ನಿಲ್ಲಲಿಲ್ಲ.

ಆ ವರ್ಷದ ಸಂಘದ ಸಮಾರಂಭದಲ್ಲಿ ನನ್ನ ಸೇವಾ ಮನೋಭಾವವನ್ನು ಹೊಗಳಿದರು. ಹೊಗಳಿದವರು ಅದೇ ವಕೀಲರು. ಶಾಲು ತಂದಾಗ, “ಕೆಲಸ ಮಾಡಿದವರು ಕಾಕಾ, ಅವರಿಗೆ ಹೊದಿಸ್ರಿ,” ಎಂದೆ. ಸಭೆ ಚಪ್ಪಾಳೆ ತಟ್ಟಿತು. ಚಪ್ಪಾಳೆಗೆ ಯಾರದೇನು ಹೋಗುತ್ತದೆ. ಅಧ್ಯಕ್ಷರು ಶಾಲನ್ನು ಬಿಚ್ಚಲಿಲ್ಲ. ಮಡಚಿದ್ದನ್ನು ಹಾಗೇ ಸಭಿಕರ ಸಾಲಿನ ಖಾಲಿ ಕುರ್ಚಿಯೊಂದರ ಮೇಲಿಟ್ಟು, ಕಾಕಾಗೆ “ತೊಗೊಂಡು ಹೋಗು,” ಎಂದರು.

ಕಾಕಾ ಅದನ್ನು ಎತ್ತಿಕೊಂಡು, ತಾವೇ ಬಿಚ್ಚಿ ಹೆಗಲಿಗೆ ಹಾಕಿಕೊಂಡರು. ಖಾಲಿಯಾದ ಆ ಕುರ್ಚಿಯ ಮೇಲೆ, ಎಲ್ಲರ ನಡುವೆ, ಕಾರ್ಯಕ್ರಮ ಮುಗಿಯುವ ತನಕ ಕೂತರು. ನಾನು ಅವರ ಪಕ್ಕದ ಕುರ್ಚಿಗೆ ಬಂದು ಕೂತೆ.